ಟ್ರೆಡ್‌ಮಿಲ್‌ನಲ್ಲಿ ನಡಿಗೆಯಿಂದ ಓಟಕ್ಕೆ: ಎಷ್ಟು ವೇಗ, ಎಷ್ಟು ನಿಮಿಷ, ಯಾವಾಗ ಏರಿಸುವುದು?

ಕುರ್ಚಿವಾಸಿ ಕೇಳಿದ್ದು:

ಮಡಚಿಡುವ ಟ್ರೆಡ್‌ಮಿಲ್ ಮನೆಗೆ ಬಂದಿದೆ. ನಡೆಯುವ ಜಾಗ 42 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ. ಗರಿಷ್ಠ ವೇಗ ಗಂಟೆಗೆ 12 ಕಿ.ಮೀ. ಏರು ಕೈಯಲ್ಲೇ ಬದಲಿಸಬೇಕು, ಮೂರು ಹಂತ ಇವೆ. ವಯಸ್ಸು 43, ಎತ್ತರ 170 ಸೆಂ.ಮೀ., ತೂಕ 84 ಕೆ.ಜಿ. ಇಡೀ ದಿನ ಕೂತು ಮಾಡುವ ಕೆಲಸ, ವ್ಯಾಯಾಮದ ರೂಢಿ ಇಲ್ಲ. ಬಿಪಿ, ಶುಗರ್ ಇಲ್ಲ. ನಡೆಯಲು, ಓಡಲು ಅಡ್ಡಿಯಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ಮೂರು ತಿಂಗಳಲ್ಲಿ ನಿಲ್ಲದೆ 20 ನಿಮಿಷ ಓಡುವಂತಾಗಬೇಕು ಎಂಬುದು ಗುರಿ. ಯಂತ್ರದಲ್ಲೇ ಇರುವ ಪಿ1, ಪಿ2 ಕಾರ್ಯಕ್ರಮಗಳು ಒಂದೇ ಸಲಕ್ಕೆ 4ರಿಂದ 9ಕ್ಕೆ ಹಾರುತ್ತವೆ, ಅವು ಬೇಡ ಅನ್ನಿಸಿತು. ವಾರಕ್ಕೆ ಎಷ್ಟು ದಿನ, ಯಾವ ವೇಗ, ನಡಿಗೆಯಿಂದ ಓಟಕ್ಕೆ ಯಾವಾಗ ಹೋಗಬೇಕು? ಹಾಗೆಯೇ ಪಾದ ಊರಿದಾಗಲೆಲ್ಲ ಬೆಲ್ಟ್ ಒಂದು ಕ್ಷಣ ತಡೆದ ಹಾಗೆ ಆಗುತ್ತದೆ. ಅದು ಸಹಜವೋ, ದೋಷವೋ?

ನಿಧಾನವೇ_ಪ್ರಧಾನ ಉತ್ತರ:

ಮೊದಲ ನಾಲ್ಕು ವಾರ ಓಟದ ಮಾತೇ ಬೇಡ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳೇ ಬೇಕು. ನಡೆಯುವಾಗ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಬೀಳುವ ಭಾರ ದೇಹತೂಕದಷ್ಟೋ, ಸ್ವಲ್ಪ ಜಾಸ್ತಿಯೋ ಇರುತ್ತದೆ. ಓಡುವಾಗ ಅದು ಎರಡರಿಂದ ಎರಡೂವರೆ ಪಟ್ಟು. ಮೂರನೇ ವಾರದಲ್ಲಿ ‘ಉಸಿರು ಆರಾಮಾಗಿದೆ, ಇನ್ನೂ ಜೋರಾಗಿ ಹೋಗಬಹುದು’ ಅನ್ನಿಸುತ್ತದಲ್ಲ, ಹೊಸಬರ ಕಾಲು ಕೈಕೊಡುವುದು ಆಗಲೇ.

ಮುಂದೆ ಬರೆದಿರುವ ವೇಗಗಳೆಲ್ಲ ಗಂಟೆಗೆ ಇಷ್ಟು ಕಿ.ಮೀ. ಎಂಬ ಲೆಕ್ಕ.

ಹತ್ತುವುದು, ಇಳಿಯುವುದರಿಂದ ಶುರುಮಾಡೋಣ. ನಿಂತ ಬೆಲ್ಟಿನ ಮೇಲೆ ನಿಂತುಕೊಂಡು ಸ್ಟಾರ್ಟ್ ಒತ್ತಬೇಡಿ. ಎರಡೂ ಪಾದ ಅಂಚಿನ ಪಟ್ಟಿಗಳ ಮೇಲಿರಲಿ. ಸುರಕ್ಷತಾ ಕೀಲಿಯ (ಕಿತ್ತರೆ ಬೆಲ್ಟ್ ನಿಲ್ಲಿಸುವ ಕೀಲಿ) ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿ, ಒಮ್ಮೆ ಎಳೆದು ನೋಡಿ; ಕ್ಲಿಪ್ ಬಟ್ಟೆಯಿಂದ ಕಳಚುವ ಮೊದಲು ಕೀಲಿ ಯಂತ್ರದಿಂದ ಕಳಚಬೇಕು. ಆಮೇಲೆ ಸ್ಟಾರ್ಟ್ ಒತ್ತಿ, ಬೆಲ್ಟ್ 1ರಲ್ಲಿ ಓಡತೊಡಗಿದ ಮೇಲೆ ಕಾಲಿಡಿ. ಹ್ಯಾಂಡಲ್ ಹಿಡಿಯುವುದು ಈ ಹೊತ್ತಿಗೆ ಮತ್ತು ಇಳಿಯುವ ಹೊತ್ತಿಗೆ ಮಾತ್ರ. ನೋಟ ಪಾದದ ಮೇಲೆ ಬೇಡ, ನೇರ ಎದುರಿಗಿರಲಿ. ಕೆಳಗೆ ನೋಡುತ್ತ ನಡೆದರೆ ಗೊತ್ತಿಲ್ಲದೆಯೇ ಹಿಂದಕ್ಕೆ ಜಾರುತ್ತೀರಿ, ಪಕ್ಕಕ್ಕೂ ವಾಲುತ್ತೀರಿ. ಮುಗಿಸಿ ಇಳಿದಾಗ ನೆಲವೇ ಮುಂದಕ್ಕೆ ಸರಿದಂತೆ ಅನ್ನಿಸುವುದು ಮೊದಮೊದಲು ಎಲ್ಲರಿಗೂ ಇರುವುದೇ. ಕಾಲು ನಡೆಯುತ್ತಿದೆ, ಕಣ್ಣಿನ ಮುಂದಿನ ಗೋಡೆ ಕದಲುತ್ತಿಲ್ಲ. ಈ ಎರಡರ ತಾಳ ತಪ್ಪಿ ಹಾಗಾಗುತ್ತದೆ. ಅರ್ಧ ನಿಮಿಷ ಹ್ಯಾಂಡಲ್ ಹಿಡಿದು ನಿಂತರೆ ಹೋಗುತ್ತದೆ.

1 ಮತ್ತು 2ನೇ ವಾರ: ವಾರಕ್ಕೆ 4 ದಿನ. 3ರಿಂದ 3.5ರಲ್ಲಿ 5 ನಿಮಿಷ, 4.5ರಿಂದ 5ರಲ್ಲಿ 12ರಿಂದ 15 ನಿಮಿಷ, ಮತ್ತೆ 3ಕ್ಕೆ ಇಳಿಸಿ 5 ನಿಮಿಷ.

3 ಮತ್ತು 4ನೇ ವಾರ: 4ರಿಂದ 5 ದಿನ. ಆರಂಭ, ಕೊನೆ ಮೊದಲಿನಂತೆಯೇ. ನಡುವಿನ ಭಾಗ 20ರಿಂದ 25 ನಿಮಿಷ, ವೇಗ 5ರಿಂದ 5.5.

ಏರು ಸದ್ಯಕ್ಕೆ ಸೊನ್ನೆ. ಮೊದಲು ನಿಮಿಷ ಹೆಚ್ಚಿಸಿ, ಅದು ಒಗ್ಗಿದ ಮೇಲೆ ವೇಗ. ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸಿದರೆ ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಓಟಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ ಇದೆ. 5.5ರಲ್ಲಿ ಹ್ಯಾಂಡಲ್ ಮುಟ್ಟದೆ 30 ನಿಮಿಷ ನಡೆಯಬೇಕು, ನಡುವೆ ಯಾರೊಂದಿಗಾದರೂ ಇಡೀ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿ, ಕಣಕಾಲು, ಮಂಡಿ ಎಲ್ಲೂ ನೋವಿರಬಾರದು. ಮೂರೂ ಸರಿಯಿದ್ದರೆ ಹೊರಡಿ. ಒಂದು ತಪ್ಪಿದರೂ ಇನ್ನೊಂದು ವಾರ ನಡಿಗೆ.

ಓಟ ವಾರಕ್ಕೆ 3 ದಿನ, ಒಂದು ದಿನ ಬಿಟ್ಟು ಒಂದು ದಿನ. ಪ್ರತಿ ಸಲ ಮೊದಲ 6 ನಿಮಿಷ 4ರಿಂದ 5.5ರವರೆಗೆ ನಡಿಗೆ, ಕೊನೆಯ 5 ನಿಮಿಷ 4ರಿಂದ 3ಕ್ಕೆ ಇಳಿಸುತ್ತ ನಡಿಗೆ. ನಡುವಿನ ಭಾಗ ಹೀಗೆ:

5ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ
6ನೇ ವಾರ: ಒಂದೂವರೆ ನಿಮಿಷ ಓಟ, 2 ನಡಿಗೆ, 6 ಸಲ
7ನೇ ವಾರ: 2 ಓಟ, 2 ನಡಿಗೆ, 6 ಸಲ
8ನೇ ವಾರ: 3 ಓಟ, 2 ನಡಿಗೆ, 5 ಸಲ
9ನೇ ವಾರ: 5 ಓಟ, 2 ನಡಿಗೆ, 4 ಸಲ
10ನೇ ವಾರ: 8 ಓಟ, 2 ನಡಿಗೆ, 3 ಸಲ
11ನೇ ವಾರ: 10 ಓಟ, ಒಂದೂವರೆ ನಡಿಗೆ, 2 ಸಲ
12ನೇ ವಾರ: 20 ನಿಮಿಷ ಒಂದೇ ಸಮನೆ

ನಡಿಗೆಯ ವೇಗ 4.5ರಿಂದ 5. ಓಟದ ವೇಗ 7ರಿಂದ 7.5, ಹನ್ನೆರಡನೇ ವಾರದವರೆಗೂ ಅಷ್ಟೇ. 7.5ರಲ್ಲಿ 20 ನಿಮಿಷ ಓಡಿದರೆ ಎರಡೂವರೆ ಕಿ.ಮೀ. ಆಗುತ್ತದೆ, ನಿಮ್ಮ ಗುರಿಗೆ ಅದು ಧಾರಾಳ. ಹೆಚ್ಚಿನವರಿಗೆ ನಡಿಗೆ ತಾನಾಗಿ ಓಟವಾಗಿ ಬದಲಾಗುವುದು 7ರ ಆಸುಪಾಸಿನಲ್ಲಿ. 6.5 ಎಂಬುದು ಅತ್ತ ನಡಿಗೆಯೂ ಅಲ್ಲ, ಇತ್ತ ಓಟವೂ ಅಲ್ಲ. ಅಲ್ಲಿ ಬಹಳ ಹೊತ್ತು ಇರಬೇಡಿ. 7ರಲ್ಲಿ ಕುಲುಕುಲು ಓಡುವುದು ಕನ್ನಡಿಯಲ್ಲಿ ನೋಡಲು ಚೆನ್ನಾಗಿರುವುದಿಲ್ಲ. ಕನ್ನಡಿ ಬೇರೆ ಕಡೆ ಇಡಿ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. 5ರಿಂದ 7.5 ಒತ್ತಿದರೆ ಬೆಲ್ಟ್ ಅಲ್ಲಿಗೆ ಮುಟ್ಟಲು ಹಲವು ಸೆಕೆಂಡು ಹಿಡಿಯುತ್ತದೆ. ಒಂದು ನಿಮಿಷದ ಓಟದಲ್ಲಿ ಅದು ಸಣ್ಣ ಪಾಲಲ್ಲ. ವೇಗ ಮುಟ್ಟಿದ ಮೇಲೆ ನಿಮಿಷ ಎಣಿಸಿ. ಓಟದ ನಡುವೆ ಸುಸ್ತಾಯಿತೆಂದು ಅಂಚಿನ ಪಟ್ಟಿಗೆ ಜಿಗಿದು ನಿಲ್ಲುವುದು, ಓಡುತ್ತಿರುವ ಬೆಲ್ಟಿಗೆ ಮತ್ತೆ ಜಿಗಿಯುವುದು, ಇವೆರಡನ್ನೂ ರೂಢಿ ಮಾಡಿಕೊಳ್ಳಬೇಡಿ. ಹೊಸಬರು ಬೀಳುವುದು ಹೆಚ್ಚಾಗಿ ಹೀಗೆಯೇ. ಬಟನ್ನಿಂದಲೇ ವೇಗ ಇಳಿಸಿ. ಕೊನೆಯ ನಿಧಾನ ನಡಿಗೆಯನ್ನೂ ಬಿಡಬೇಡಿ. ಓಡುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ.

ಒಂದು ವಾರದ ಮೂರೂ ದಿನ ಸರಾಗವಾಗಿ ಮುಗಿದರೆ ಮಾತ್ರ ಮುಂದಿನ ವಾರಕ್ಕೆ. ಇಲ್ಲದಿದ್ದರೆ ಅದೇ ವಾರ ಮತ್ತೊಮ್ಮೆ. 12 ವಾರ 16 ಆದರೆ ಏನೂ ಕೆಡುವುದಿಲ್ಲ. ಜ್ವರವೋ ಪ್ರಯಾಣವೋ ಬಂದು ಒಂದು ವಾರ ತಪ್ಪಿದರೆ ಒಂದು ಹಂತ ಹಿಂದೆ ಹೋಗಿ ಶುರುಮಾಡಿ, ಎರಡು ವಾರ ತಪ್ಪಿದರೆ ಎರಡು ಹಂತ.

ರೋಲರ್_ಬೋಲ್ಟ್ ಉತ್ತರ:

ಬೆಲ್ಟ್ ತಡೆಯುವುದು ಸಹಜವಲ್ಲ. ಅದನ್ನು ಸರಿಮಾಡದೆ ಓಡಲು ಹೋಗಬೇಡಿ. 7ರ ವೇಗದಲ್ಲಿ ಒಂದು ಕ್ಷಣ ತಡೆದರೂ ಮುಗ್ಗರಿಸುತ್ತೀರಿ. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಕೆಳಗಿನ ಹಲಗೆ ಒಣಗಿದೆ, ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಮೋಟರಿನಿಂದ ರೋಲರಿಗೆ ಹೋಗುವ ಒಳಗಿನ ಬೆಲ್ಟ್ ಜಾರುತ್ತಿದೆ.

ಪ್ಲಗ್ ಕಿತ್ತು ಬೆಲ್ಟಿನ ಅಂಚನ್ನು ನಡುಭಾಗದಲ್ಲಿ ಎತ್ತಿ, ಅಡಿಗೆ ಕೈ ತೂರಿಸಿ ಪಾದ ಬೀಳುವ ಜಾಗವನ್ನು ಮುಟ್ಟಿ ನೋಡಿ. ಬೆರಳಿಗೆ ತೆಳ್ಳಗೆ ಜಿಡ್ಡು ಅಂಟಬೇಕು. ಒಣಗಿದ್ದರೆ ಎಣ್ಣೆ ಬೇಕು, ಅದೂ ಅಪ್ಪಟ ಸಿಲಿಕೋನ್ ಎಣ್ಣೆಯೇ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ, ಅಡುಗೆ ಎಣ್ಣೆ ಯಾವುದೂ ಆಗದು. ಅವು ಬೆಲ್ಟಿನ ಅಡಿಭಾಗವನ್ನು ಹಾಳುಮಾಡುತ್ತವೆ, ಇಲ್ಲವೇ ಧೂಳು ಹಿಡಿದು ಅಂಟಾಗುತ್ತವೆ. ಪ್ರತಿ ಬದಿಯಿಂದ 10ರಿಂದ 15 ಮಿ.ಲೀ. ಎಣ್ಣೆಯನ್ನು ಅಂಕುಡೊಂಕಾಗಿ, ಹಲಗೆಯ ನಡುಭಾಗಕ್ಕೆ ತಲುಪುವಂತೆ ಬಿಡಿ. ಆಮೇಲೆ 4ರ ವೇಗದಲ್ಲಿ ಐದು ನಿಮಿಷ, ಒಮ್ಮೆ ಎಡ ಅಂಚಿಗೆ, ಒಮ್ಮೆ ಬಲ ಅಂಚಿಗೆ ಸರಿದು ನಡೆಯಿರಿ, ಎಣ್ಣೆ ಹರಡುತ್ತದೆ. ಜಾಸ್ತಿ ಹಾಕಿದರೆ ರೋಲರಿಗೂ ಎಣ್ಣೆ ಹತ್ತಿ ಬೆಲ್ಟ್ ಇನ್ನಷ್ಟು ಜಾರುತ್ತದೆ. ಕೆಲವು ಯಂತ್ರಗಳ ಹಲಗೆಗೆ ಮೊದಲೇ ಮೇಣ ಹಚ್ಚಿರುತ್ತಾರೆ, ಅವಕ್ಕೆ ಎಣ್ಣೆ ಹಾಕಬಾರದು. ಕೈಪಿಡಿಯಲ್ಲಿ ಆ ಒಂದು ಪುಟ ಓದಿಕೊಂಡೇ ಬಾಟಲಿ ತೆರೆಯಿರಿ.

ಜಿಡ್ಡು ಇದ್ದೂ ತಡೆಯುತ್ತಿದ್ದರೆ ಬಿಗಿ ನೋಡಿ. ನಡುಭಾಗದಲ್ಲಿ ಅಂಚು ಹಿಡಿದು ಎತ್ತಿದರೆ ಬೆಲ್ಟ್ 5ರಿಂದ 7 ಸೆಂ.ಮೀ. ಮೇಲೇಳಬೇಕು. ಅದಕ್ಕಿಂತ ಹೆಚ್ಚು ಎದ್ದರೆ ಸಡಿಲ. ಹಿಂದಿನ ತುದಿಯಲ್ಲಿರುವ ಎರಡು ಬೋಲ್ಟುಗಳನ್ನು ಆಲನ್ ಕೀಲಿಯಿಂದ (ಆರು ಮೂಲೆಯ, ಬಾಗಿದ ಕೀಲಿ) ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಎರಡನ್ನೂ ಸಮನಾಗಿ. ನಡೆದು ನೋಡಿ, ಸಾಲದಿದ್ದರೆ ಮತ್ತೆ ಕಾಲು ಸುತ್ತು. ‘ಇರಲಿ, ಗಟ್ಟಿಯಾಗಿಯೇ ಇರಲಿ’ ಎಂದು ಪೂರ್ತಿ ಬಿಗಿದರೆ ಬೇರಿಂಗ್ ಸವೆಯುತ್ತದೆ, ಮೋಟರು ಬಿಸಿಯಾಗುತ್ತದೆ, ಬೆಲ್ಟ್ ಹಿಗ್ಗುತ್ತದೆ.

ಆಗಲೂ ತಡೆಯುತ್ತಿದೆಯೇ? ಹಾಗಾದರೆ ಮುಂದಿನ ರೋಲರನ್ನು ಗಮನಿಸಬೇಕು. ಬೆಲ್ಟ್ ನಿಂತಾಗಲೂ ಮುಂದಿನ ರೋಲರ್ ತಿರುಗುತ್ತಲೇ ಇದ್ದರೆ ತೊಂದರೆ ನಡೆಯುವ ಬೆಲ್ಟಿನದ್ದು. ರೋಲರೂ ನಿಂತು ಮೋಟರು ಮಾತ್ರ ತಿರುಗುತ್ತಿದ್ದರೆ ಒಳಗಿನ ಬೆಲ್ಟಿನದ್ದು. ಹೊಸ ಯಂತ್ರವಾದ್ದರಿಂದ ಒಳಗಿನದಕ್ಕೆ ನೀವು ಕೈಹಾಕಬೇಡಿ, ಮಾರಿದವರ ಮೆಕ್ಯಾನಿಕ್ ಬಂದು ನೋಡಲಿ.

ಬೆಲ್ಟ್ ಒಂದು ಬದಿಗೆ ಸರಿಯುತ್ತಿದ್ದರೆ ಸುಲಭ ಸೂತ್ರ ಇದೆ: ಬಲಕ್ಕೆ ಸರಿದರೆ ಬಲಗಡೆಯ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಎಡಕ್ಕೆ ಸರಿದರೆ ಎಡಗಡೆಯದ್ದನ್ನು. ಬೆಲ್ಟ್ 4ರಿಂದ 5ರಲ್ಲಿ ಖಾಲಿ ಓಡುತ್ತಿರುವಾಗ ಬಿಗಿದು, ಒಂದೆರಡು ನಿಮಿಷ ಕಾದು, ಆಮೇಲೆ ಮುಂದಿನ ತಿರುವು. ಸಡಿಲ ಬಟ್ಟೆ, ಕೂದಲು, ಬೆರಳು ಹಿಂದಿನ ರೋಲರಿನಿಂದ ದೂರ.

ಪರದೆ ತೋರಿಸುವ ವೇಗವನ್ನು ಕಣ್ಣುಮುಚ್ಚಿ ನಂಬಬೇಡಿ. ಬೆಲ್ಟಿನ ಅಂಚಿಗೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ, ಪ್ಲಗ್ ಕಿತ್ತು ಬೆಲ್ಟನ್ನು ಕೈಯಿಂದ ಎಳೆಯುತ್ತ ಪೂರ್ತಿ ಉದ್ದ ಅಳೆಯಿರಿ. ಆಮೇಲೆ 5ರಲ್ಲಿ ನೀವು ನಡೆಯುತ್ತಿರುವಾಗ ಇನ್ನೊಬ್ಬರು ಒಂದು ನಿಮಿಷದಲ್ಲಿ ಟೇಪ್ ಎಷ್ಟು ಸುತ್ತು ಬಂತೆಂದು ಎಣಿಸಲಿ. ಮೊಬೈಲಿನಲ್ಲಿ ವಿಡಿಯೊ ಮಾಡಿದರೂ ಆಯಿತು. ಉದ್ದ 2.7 ಮೀಟರ್, 31 ಸುತ್ತು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 83.7 ಮೀಟರ್, ಅಂದರೆ ಗಂಟೆಗೆ 5.02 ಕಿ.ಮೀ. ಖಾಲಿ ಬೆಲ್ಟಿನ ಲೆಕ್ಕ ಸಾಲದು, ಮೇಲೆ ಆಳಿದ್ದಾಗಿನ ಲೆಕ್ಕವೇ ಬೇಕು. ಖಾಲಿಯಲ್ಲಿ 31 ಸುತ್ತು, ಆಳಿದ್ದಾಗ 28 ಬಂದರೆ ಮೇಲೆ ಹೇಳಿದ ಜಾರುವಿಕೆಯೇ ಅದು.

ಇಡುವ ಜಾಗ: ಹಿಂಬದಿಯಲ್ಲಿ 2 ಮೀಟರ್ ಖಾಲಿ, ಎರಡೂ ಪಕ್ಕ ಕನಿಷ್ಠ ಅರ್ಧ ಮೀಟರ್. ಗೋಡೆಗೆ ಬೆನ್ನು ಮಾಡಿ ಇಟ್ಟರೆ ಬಿದ್ದವರು ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಕೊಂಡು ಚರ್ಮ ಸುಟ್ಟುಕೊಳ್ಳುತ್ತಾರೆ. ಅರ್ತ್ ಇರುವ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿ, ಎಕ್ಸ್‌ಟೆನ್ಷನ್ ಬೇಡ. ಮಕ್ಕಳಿರುವ ಮನೆಯಾದರೆ ಬಳಸದಾಗ ಸುರಕ್ಷತಾ ಕೀಲಿ ಯಂತ್ರದಲ್ಲಿರಕೂಡದು.

120 ಸೆಂ.ಮೀ. ಉದ್ದ ನಿಮ್ಮ ಎತ್ತರಕ್ಕೆ ನಡಿಗೆಗೆ, 7–8ರ ಓಟಕ್ಕೆ ಸಾಕು. 9 ದಾಟಿದ ಮೇಲೆ ಹೆಜ್ಜೆ ಉದ್ದವಾಗಿ ಹಿಂಗಾಲು ಬೆಲ್ಟಿನ ಕೊನೆಗೆ ಹೋಗತೊಡಗುತ್ತದೆ. ಮೋಟರಿನ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದ ಅಶ್ವಶಕ್ತಿ ಹೆಚ್ಚಾಗಿ ‘ಪೀಕ್’, ಅಂದರೆ ಕ್ಷಣಕಾಲದ್ದು. ನಿರಂತರ ಅಶ್ವಶಕ್ತಿ ಬೇರೆ ಇರುತ್ತದೆ, ಅದು ಚಿಕ್ಕದು. ನಿರಂತರದ್ದು 2ರ ಆಸುಪಾಸಿನಲ್ಲಿದ್ದರೆ ಈ ಹನ್ನೆರಡು ವಾರಕ್ಕೆ ತೊಂದರೆಯಿಲ್ಲ.

ಮೀನಖಂಡ ಉತ್ತರ:

ನೋವಿನ ಬಗ್ಗೆ ಯಾರೂ ಕೇಳಿಲ್ಲ, ಆದರೂ 6ನೇ ವಾರದ ಹೊತ್ತಿಗೆ ಕೇಳುತ್ತಾರೆ. ಮೊದಲೇ ಬರೆದಿಡುತ್ತೇನೆ.

ನಡಿಗೆಯ ವಾರಗಳಲ್ಲಿ ಕಣಕಾಲಿನ ಮುಂಭಾಗ, ಮೂಳೆಯ ಹೊರಮಗ್ಗುಲಿನ ಸ್ನಾಯು ಉರಿಯುವುದು ಬಹಳ ಸಾಮಾನ್ಯ. ಬಿರುಸಿನ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಪಾದದ ತುದಿಯನ್ನು ಎತ್ತಿ ಹಿಡಿಯುವುದು, ಹಿಮ್ಮಡಿ ಊರಿದ ಮೇಲೆ ಮೆಲ್ಲನೆ ಇಳಿಸುವುದು ಅದರ ಕೆಲಸ. ನಡಿಗೆ 6 ದಾಟಿದರೆ ಆ ಸ್ನಾಯುವಿಗೆ ವಿಪರೀತ ದುಡಿತ. ಮೆಲ್ಲಗೆ ಓಡಿದರೆ ದುಡಿತ ಕಡಿಮೆ. ಮೇಲೆ ‘6.5ರಲ್ಲಿ ಇರಬೇಡಿ’ ಎಂದು ಹೇಳಿರುವುದಕ್ಕೆ ಇದೂ ಒಂದು ಕಾರಣ. ಅರ್ಧ ಕಿ.ಮೀ. ವೇಗ ತಗ್ಗಿಸಿ, ಆರಂಭದ ನಿಧಾನ ನಡಿಗೆಯನ್ನು 8 ನಿಮಿಷಕ್ಕೆ ಹಿಗ್ಗಿಸಿ. ಶೂ ಲೇಸ್ ತೀರ ಬಿಗಿಯಾಗಿದೆಯೇ ಎಂಬುದನ್ನೂ ನೋಡಿ.

ಓಟ ಶುರುವಾದ ಮೇಲೆ ಬರುವ ನೋವು ಬೇರೆ: ಕಣಕಾಲಿನ ಒಳಮಗ್ಗುಲು, ಮೂಳೆಯ ಅಂಚಿನುದ್ದಕ್ಕೂ ಅಂಗೈಯಗಲ ಹರಡಿದ ನೋವು. ಬೆಚ್ಚಗಾದ ಮೇಲೆ ಕಡಿಮೆಯಾಗಿ, ಸಂಜೆಗೆ ಮತ್ತೆ ಬಂದರೆ ಅದು ಹೊರೆ ಜಾಸ್ತಿಯಾದದ್ದರ ಗುರುತು. ಒಂದು ವಾರ ಓಟ ಬಿಟ್ಟು ನಡಿಗೆ, ಆಮೇಲೆ ಎರಡು ಹಂತ ಹಿಂದಿನಿಂದ ಆರಂಭ. ಆದರೆ ಒಂದೇ ಬೆರಳಿನಿಂದ ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದರೆ, ಅಲ್ಲಿ ಒತ್ತಿದಾಗ ಜೀವ ಹೋಗುವಂತಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ಆಗ ‘ಸ್ವಲ್ಪ ನಡೆದು ನೋಡೋಣ’ ಎನ್ನಬಾರದು, ಮೂಳೆ ವೈದ್ಯರಿಗೆ ತೋರಿಸಬೇಕು.

ಮಂಡಿಚಿಪ್ಪಿನ ಸುತ್ತ, ಅದರಲ್ಲೂ ಮೆಟ್ಟಿಲು ಇಳಿಯುವಾಗ ನೋವು ಬಂದರೆ ಹೆಜ್ಜೆಯ ಉದ್ದ ನೋಡಿ. ಪಾದ ದೇಹಕ್ಕಿಂತ ಬಹಳ ಮುಂದೆ ಬೀಳುತ್ತಿರುತ್ತದೆ. ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ಊರುತ್ತದೆ ಎಣಿಸಿ, 4ರಿಂದ ಗುಣಿಸಿ. 150 ಬಂದರೆ ಅದೇ ವೇಗದಲ್ಲಿ 158ರಿಂದ 165ಕ್ಕೆ ಏರಿಸಿ, ಅಂದರೆ ಶೇ 5ರಿಂದ 10. ಹೆಜ್ಜೆ ಚಿಕ್ಕದಾಗಿ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಮೊಬೈಲಿನ ಮೆಟ್ರೊನೋಮ್ ಆ್ಯಪ್ ತಾಳ ಹಾಕುತ್ತದೆ. ‘ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕು’ ಎಂದು ಎಲ್ಲೆಲ್ಲೂ ಓದುತ್ತೀರಿ. 7ರ ವೇಗದಲ್ಲಿ ಅದರ ಬೆನ್ನು ಹತ್ತಬೇಡಿ.

ಅಭ್ಯಾಸವಿಲ್ಲದ ಸ್ನಾಯುಗಳು ಒಂದರಿಂದ ಮೂರು ದಿನ ಬಿಗಿಯಾಗಿ ನೋಯುವುದು ಬೇರೆ, ಅದಕ್ಕೆ ಹೆದರಬೇಕಿಲ್ಲ. ಅದು ಎರಡೂ ಕಾಲಲ್ಲಿ ಸಮನಾಗಿ, ಸ್ನಾಯುವಿನ ನಡುಭಾಗದಲ್ಲಿ ಇರುತ್ತದೆ. ಒಂದೇ ಕಾಲಿನಲ್ಲಿ, ಕೀಲು ಅಥವಾ ಮೂಳೆಯ ಮೇಲೆ ಇದ್ದು, ಓಡಿದಂತೆಲ್ಲ ಹೆಚ್ಚಾದರೆ ಅಂದಿಗೆ ನಿಲ್ಲಿಸಿ.

ವಾರಕ್ಕೆ ಎರಡು ದಿನ, ಟ್ರೆಡ್‌ಮಿಲ್ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ: ಮಂಡಿ ನೇರವಾಗಿಟ್ಟು ಹಿಮ್ಮಡಿ ಎತ್ತುವುದು 12ರಿಂದ 15 ಸಲದಂತೆ ಮೂರು ಸುತ್ತು, ಮಂಡಿ ಸ್ವಲ್ಪ ಬಗ್ಗಿಸಿ ಅಷ್ಟೇ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10ರಂತೆ ಮೂರು ಸುತ್ತು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು 12ರಂತೆ ಎರಡು ಸುತ್ತು. ಮೀನಖಂಡ ಹಿಗ್ಗಿಸಿ ನಿಲ್ಲುವ ಚಾಚುಗಳು ಓಟದ ನಂತರ, ಮೊದಲು ಅಲ್ಲ.

ಶೂ ಇಲ್ಲದೆ ಬರಿಗಾಲಲ್ಲಿ ಬೆಲ್ಟ್ ಹತ್ತಬೇಡಿ, ಅಂಗಾಲು ಸುಡುತ್ತದೆ. ಶೂ ಒಳಗೆ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ.

ಕುರ್ಚಿವಾಸಿ:

ಹಲಗೆ ಪೂರ್ತಿ ಒಣಗಿತ್ತು, ಸಿಲಿಕೋನ್ ಎಣ್ಣೆ ಬಿಟ್ಟ ಮೇಲೆ ಬೆಲ್ಟ್ ತಡೆಯುವುದು ನಿಂತಿದೆ. ಇನ್ನೂ ಎರಡು ಸಂದೇಹ. ಒಂದು, ಕುತೂಹಲಕ್ಕೆ ಒಂದು ನಿಮಿಷ 7.5ರಲ್ಲಿ ಓಡಿ ನೋಡಿದಾಗ ಕೈಗಡಿಯಾರ ನಾಡಿಬಡಿತ 164 ಎಂದು ತೋರಿಸಿತು. ಅದು ಅಪಾಯವೇ? ಎರಡು, 1 ಪರ್ಸೆಂಟ್ ಏರು ಇಟ್ಟರೆ ಮಾತ್ರ ಹೊರಗಿನ ಓಟಕ್ಕೆ ಸಮ ಎನ್ನುತ್ತಾರಲ್ಲ, ಮೊದಲಿನಿಂದಲೇ ಇಡಬೇಕೇ?

ನಿಧಾನವೇ_ಪ್ರಧಾನ ಉತ್ತರ:

164 ನಾಡಿಬಡಿತವೇ ಆಗಿರಬೇಕೆಂದಿಲ್ಲ. ಕೈಗಡಿಯಾರ ಚರ್ಮದ ಮೇಲೆ ಬೆಳಕು ಬಿಟ್ಟು ಬಡಿತ ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ ಓಟದ ಕುಲುಕಾಟವನ್ನೇ ಬಡಿತವೆಂದು ಎಣಿಸಿಬಿಡುತ್ತದೆ. ಹೆಜ್ಜೆಯ ಲೆಕ್ಕವೂ ನಿಮಿಷಕ್ಕೆ 160ರ ಹತ್ತಿರ ಇರುವುದರಿಂದ ಗಡಿಯಾರ ನಿಮ್ಮ ಹೆಜ್ಜೆ ತೋರಿಸಿರಬಹುದು. ಓಟ ಮುಗಿದ ತಕ್ಷಣ 3ಕ್ಕೆ ಇಳಿಸಿ, ಅಂಚಿನ ಪಟ್ಟಿಗೆ ಬಂದು, ಮಣಿಕಟ್ಟಿನಲ್ಲಿ ಬೆರಳಿಟ್ಟು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಗಡಿಯಾರವನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ. ಹ್ಯಾಂಡಲ್‌ನ ಲೋಹದ ಪಟ್ಟಿ ತೋರಿಸುವ ಅಂಕಿಯನ್ನು ಓಡುವಾಗ ಮರೆತುಬಿಡಿ. ನಿಖರ ಬೇಕೆಂದರೆ ಎದೆಗೆ ಕಟ್ಟುವ ಪಟ್ಟಿ.

43ರ ವಯಸ್ಸಿಗೆ ಗರಿಷ್ಠ ಬಡಿತ 220 ಕಳೆ ವಯಸ್ಸು ಎಂದರೆ 177. ಇನ್ನೊಂದು ಸೂತ್ರ, 208ರಿಂದ ವಯಸ್ಸಿನ 0.7 ಪಾಲು ಕಳೆಯುವುದು, ಅದರಲ್ಲೂ 178. ಆದರೆ ಇವು ಸರಾಸರಿ ಅಂಕಿಗಳು, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಅತ್ತಿತ್ತ ಇರುವುದು ಸಾಮಾನ್ಯ. ಹಾಗಾಗಿ ಮಾತಿನ ಪರೀಕ್ಷೆಯೇ ಮೇಲು. ನಡಿಗೆಯಲ್ಲಿ ಇಡೀ ವಾಕ್ಯ ಬರಬೇಕು. ಓಟದಲ್ಲಿ ನಾಲ್ಕೈದು ಪದ ಆಡಿ ಉಸಿರು ತೆಗೆದುಕೊಳ್ಳುವಂತಿದ್ದರೆ ಸರಿ. ಒಂದೊಂದೇ ಪದ ಬರುತ್ತಿದ್ದರೆ ವೇಗ ಜಾಸ್ತಿ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಡಿತ ಅಷ್ಟಾಗಿ ಏರುವುದಿಲ್ಲ, ಅವರು ಅಂಕಿ ನೋಡಿ ವೇಗ ಹೆಚ್ಚಿಸಬಾರದು. ಇನ್ಸುಲಿನ್ ಮತ್ತು ಕೆಲವು ಶುಗರ್ ಮಾತ್ರೆಗಳ ಜೊತೆ ಓಡಿದರೆ ಸಕ್ಕರೆ ಕುಸಿಯಬಹುದು, ಯಾವ ಹೊತ್ತಿಗೆ ಓಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ಎದೆ ಬಿಗಿತ, ದವಡೆಗೆ ಇಲ್ಲವೇ ತೋಳಿಗೆ ಹರಡುವ ನೋವು, ಕಣ್ಣುಕತ್ತಲೆ, ಬಡಿತದ ತಾಳ ತಪ್ಪುವುದು, ಇವುಗಳಲ್ಲಿ ಯಾವುದು ಬಂದರೂ ಕೀಲಿ ಎಳೆದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಫ್ಯಾನ್ ಮರೆಯಬೇಡಿ. ಹೊರಗೆ ಓಡಿದರೆ ಗಾಳಿ ಮೈಗೆ ಬಡಿದು ಬೆವರು ಆರುತ್ತದೆ. ಕೋಣೆಯಲ್ಲಿ ನಿಂತಲ್ಲೇ ಓಡುವಾಗ ಅದಿಲ್ಲ. ಮೈ ಕಾದಂತೆ ಅದೇ ವೇಗಕ್ಕೂ ಬಡಿತ ಏರುತ್ತ ಹೋಗುತ್ತದೆ. ಫ್ಯಾನನ್ನು ಎದುರಿನಿಂದ, ಎದೆಯ ಎತ್ತರಕ್ಕೆ ಬೀಸುವಂತೆ ಇಡಿ.

ಏರುಹಾದಿ ಉತ್ತರ:

1 ಪರ್ಸೆಂಟ್ ಮಾತು ಬಂದದ್ದು 1996ರ ಒಂದು ಅಧ್ಯಯನದಿಂದ. ಅದರಲ್ಲಿ ಓಡಿದವರು ಪಳಗಿದ ಓಟಗಾರರು, ವೇಗ 10ಕ್ಕಿಂತ ಮೇಲೆ. ಹೊರಗೆ ಓಡುವಾಗ ಎದುರಿಸುವ ಗಾಳಿಯ ತಡೆಯನ್ನು ಏರಿನಿಂದ ತುಂಬಿಕೊಡುವುದು ಅದರ ತಿರುಳು. 7ರಲ್ಲಿ ಓಡುವವರಿಗೆ ಗಾಳಿಯ ತಡೆ ಲೆಕ್ಕಕ್ಕಿಲ್ಲ. ಸೊನ್ನೆಯಲ್ಲೇ ಓಡಿ.

ಆದರೆ ಮೊದಲ ಉತ್ತರದ ‘ಏರು ಸದ್ಯಕ್ಕೆ ಸೊನ್ನೆ’ ಎಂಬುದನ್ನು ನಾಲ್ಕೂ ವಾರಕ್ಕೆ ನಾನು ಒಪ್ಪುವುದಿಲ್ಲ. ವಾರದ ನಾಲ್ಕು ನಡಿಗೆಗಳಲ್ಲಿ ಒಂದನ್ನು ಮೂರನೇ ವಾರದಿಂದ ಏರಿನ ನಡಿಗೆ ಮಾಡಬಹುದು. ಓಟದಲ್ಲಿ ಕಾಲಿಗೆ ಬೀಳುವ ಹೊಡೆತವಿಲ್ಲದೆ ಹೃದಯಕ್ಕೆ ಓಟದಷ್ಟೇ ಕೆಲಸ ಸಿಗುತ್ತದೆ. ವ್ಯಾಯಾಮ ತಜ್ಞರು ಬಳಸುವ ಸೂತ್ರದ ಪ್ರಕಾರ ಸಮತಟ್ಟಿನಲ್ಲಿ 5ರ ನಡಿಗೆಗೆ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಸುಮಾರು 12 ಮಿ.ಲೀ. ಆಮ್ಲಜನಕ ಬೇಕು. ಪ್ರತಿ 1 ಪರ್ಸೆಂಟ್ ಏರಿಗೆ ಒಂದೂವರೆ ಮಿ.ಲೀ. ಕೂಡುತ್ತದೆ. 5 ಪರ್ಸೆಂಟಿಗೆ 19 ದಾಟುತ್ತದೆ. 10 ಪರ್ಸೆಂಟ್ ಏರಿನಲ್ಲಿ 5.5ರ ನಡಿಗೆಗೆ 29, ಸಮತಟ್ಟಿನಲ್ಲಿ 8ರ ಓಟಕ್ಕೆ 30; ಅಂದರೆ ಹೆಚ್ಚುಕಡಿಮೆ ಒಂದೇ. ಆಸ್ಪತ್ರೆಯ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ನೆನಪಿಸಿಕೊಳ್ಳಿ. ಬ್ರೂಸ್ ಕ್ರಮ ಎಂದು ಹೆಸರಾದ ಅದರ ಮೊದಲ ಮೂರು ನಿಮಿಷದ ವೇಗ 2.7 ಮಾತ್ರ, ಆದರೆ ಏರು 10. ಮುಂದಿನ ಮೂರು ನಿಮಿಷ 4ರ ವೇಗ, 12ರ ಏರು.

ಈ ಲೆಕ್ಕವೆಲ್ಲ ಕೈ ಬಿಟ್ಟು ನಡೆದರೆ ಮಾತ್ರ. ಹ್ಯಾಂಡಲ್ ಹಿಡಿದು ಹಿಂದಕ್ಕೆ ವಾಲಿದರೆ ದೇಹ ಬೆಲ್ಟಿಗೆ ಲಂಬವಾಗಿ ನಿಲ್ಲುತ್ತದೆ, ಏರು ಇದ್ದೂ ಇಲ್ಲದಂತೆ. ಪರದೆ ಮಾತ್ರ ಪೂರ್ತಿ ಕ್ಯಾಲೊರಿ ತೋರಿಸುತ್ತಲೇ ಇರುತ್ತದೆ, ಅದಕ್ಕೇನು ಗೊತ್ತು. ಹಿಡಿಯದೆ ನಡೆಯಲಾಗದಿದ್ದರೆ ವೇಗ ಇಳಿಸಿ.

ಏರಿನಲ್ಲಿ ಹೊರೆ ಮಂಡಿಯಿಂದ ಮೀನಖಂಡಕ್ಕೆ, ಹಿಮ್ಮಡಿಯ ಮೇಲಿನ ರಜ್ಜುವಿಗೆ ಸರಿಯುತ್ತದೆ. ಬೆಳಿಗ್ಗೆ ಎದ್ದಾಗ ಆ ರಜ್ಜು ಬಿಗಿಯಾಗಿ ನೋಯುತ್ತಿದ್ದರೆ ಏರು ಬಿಡಿ. ಓಟ ಶುರುವಾದ ಮೇಲೆ ಓಟದ ದಿನ ಏರು ಬೇಡ, ನಡುವಿನ ಒಂದು ದಿನ 15 ನಿಮಿಷ ಸಾಕು.

ರೋಲರ್_ಬೋಲ್ಟ್ ಉತ್ತರ:

ನಿಮ್ಮ ಯಂತ್ರದ ಹಂತ 1, 2, 3 ಎಂದರೆ ಅಷ್ಟೇ ಪರ್ಸೆಂಟ್ ಎಂದುಕೊಳ್ಳಬೇಡಿ. ಅಂಚಿನ ಪಟ್ಟಿಯ ಮೇಲೆ ಸರಿಯಾಗಿ 100 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಎರಡೂ ಕಡೆ ನೆಲದಿಂದ ಎತ್ತರ ಅಳೆಯಿರಿ. ವ್ಯತ್ಯಾಸ 4 ಸೆಂ.ಮೀ. ಬಂದರೆ ಏರು 4 ಪರ್ಸೆಂಟ್. ಮೂರೂ ಹಂತಕ್ಕೆ ಅಳೆದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಹಂತ ಬದಲಿಸುವಾಗ ಪ್ಲಗ್ ಕಿತ್ತಿರಬೇಕು, ಎರಡೂ ಬದಿಯ ಪಿನ್ ಒಂದೇ ಮಟ್ಟದ ರಂಧ್ರದಲ್ಲಿ ಕೂತಿದೆಯೇ ಎಂದು ಬಗ್ಗಿ ನೋಡಬೇಕು. ಒಂದು ಬದಿ 2ರಲ್ಲಿ, ಇನ್ನೊಂದು 3ರಲ್ಲಿ ಕೂತರೆ ಚೌಕಟ್ಟು ತಿರುಚಿ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ. ಏನೂ ತಪ್ಪಿಲ್ಲದ ಬೋಲ್ಟನ್ನು ಆಮೇಲೆ ನೀವು ತಿರುಗಿಸುತ್ತ ಕೂರುತ್ತೀರಿ.